ಎಡಜೇಬಿನ ಹುಣಸೆಬೀಜ

೧೯೫೬ ಆಗಸ್ಟ್ ೭, ಮಂಗಳವಾರ. ಸಂಜೆ ಐದು ಗಂಟೆ ಹತ್ತು ನಿಮಿಷ. ಸಿಂಧನೂರಿನ ಶಾಲೆಯಲ್ಲಿ, ಮಕ್ಕಳೆಲ್ಲ ಹೋದ ಮೇಲೆ ಈ ಪತ್ರಿಕೆಗೆ ಬರೆಯಲು ಕುಳಿತಿದ್ದೇನೆ.

ನನಗೆ ಪಾಠ ಮಾಡುವುದನ್ನು ಕಲಿಸಿದ ಮಸ್ಕಿ ಶಾಲೆಯ ಮಾಸ್ತರು ನಡೆದರೆ ಸದ್ದಾಗುತ್ತಿತ್ತು. ಬಣ್ಣ ಮಾಸಿದ ಕರಿ ಶೇರವಾನಿಯ ಎಡಜೇಬು ಹುಣಸೆಬೀಜದ ಭಾರಕ್ಕೆ ಜೋತುಬಿದ್ದು ಹೆಜ್ಜೆಹೆಜ್ಜೆಗೂ ಗಲಗಲ ಎನ್ನುತ್ತಿತ್ತು. ಬೆಳಿಗ್ಗೆ ಸದ್ದು ಎಡಗಡೆ, ಮಧ್ಯಾಹ್ನಕ್ಕೆ ಎರಡೂ ಕಡೆ, ಸಂಜೆ ಮನೆಗೆ ಹೊರಟಾಗ ಹೆಚ್ಚುಕಡಿಮೆ ಎಲ್ಲ ಬಲಗಡೆ. ಅಂದಿನ ಪಾಠ ಹೇಗಾಯಿತೆಂದು ಮಸ್ಕಿಯ ಮಕ್ಕಳು ಆ ಸದ್ದಿನಲ್ಲೇ ತಿಳಿಯುತ್ತಿದ್ದರು.

ನಾನು ಅವರ ಬಳಿ ಹೋದದ್ದು ೧೯೫೪ರ ಜನವರಿ ೪ರಂದು. ಆಗ ಆರ್ಟ್ಸ್ ಕಾಲೇಜಿನಲ್ಲಿ ಚರಿತ್ರೆ, ತರ್ಕಶಾಸ್ತ್ರ, ಕನ್ನಡದ ಜೊತೆಗೆ ಶಿಕ್ಷಣಶಾಸ್ತ್ರವನ್ನೂ ಓದುತ್ತಿದ್ದೆ. ಅದಕ್ಕಾಗಿ ನಮ್ಮ ಕಡೆಯ ಒಂದು ಶಾಲೆಯಲ್ಲಿ ಹನ್ನೆರಡು ಪಾಠ ಮಾಡಬೇಕು. ಹನ್ನೆರಡನೆಯದನ್ನು ಇನ್ಸ್‌ಪೆಕ್ಟರ್ ಸಾಹೇಬರ ಎದುರಿಗೆ. ಅವರು ಒಪ್ಪಿದರೆ ನಾನು ಮಾಸ್ತರ. ಒಪ್ಪದಿದ್ದರೆ ಲಿಂಗಸುಗೂರಿನ ತಹಸೀಲ ಕಚೇರಿಯಲ್ಲಿ ಗುಮಾಸ್ತ. ಸೋದರಮಾವ ಅಲ್ಲಿ ಆಗಲೇ ಮಾತಾಡಿ ಇಟ್ಟಿದ್ದರು.

ಮೊದಲ ದಿನ ಹಾಜರಿ ಮುಗಿದ ಮೇಲೆ ಮಾಸ್ತರು ಮಗುವಿಗೊಂದರಂತೆ ಮೂವತ್ತಾರು ಬೀಜ ಎಣಿಸಿ ನನ್ನ ಎಡಜೇಬಿಗೆ ಹಾಕಿದರು. ಒಬ್ಬ ಹುಡುಗ ತನ್ನ ಸ್ವಂತ ಮಾತು ಒಂದು ಆಡಿದರೆ ಒಂದು ಬೀಜ ಬಲಕ್ಕೆ ದಾಟಬೇಕು. ಎಲ್ಲರೂ ಕೂಡಿ ಒದರಿದ್ದು ಲೆಕ್ಕಕ್ಕಿಲ್ಲ. ಬರೀ ‘ಹೌದ್ರೀ’ ಲೆಕ್ಕಕ್ಕಿಲ್ಲ. ಅದೇ ಹುಡುಗ ಎರಡನೆಯ ಸಲ ಮಾತಾಡಿದರೂ ಇಲ್ಲ. ನಾನು ನಲವತ್ತು ನಿಮಿಷ ನಿಲ್ಲದೆ ಮಾತಾಡಿ, ಬೆವರೊರೆಸಿಕೊಂಡು, ಪಾಠ ಭರ್ಜರಿಯಾಯಿತೆಂದು ಹೊರಗೆ ಬಂದೆ.

“ಎಷ್ಟು ದಾಟ್ಯಾವು?” ಎಂದರು.

“ನಾಲ್ಕ್ರೀ.”

“ನಾಲ್ಕ? ಉಳಿದ ಮೂವತ್ತೆರಡು ಏನ್ ಗ್ವಾಡಿ ಇದ್ವೇನು? ತಮ್ಮಾ, ನೀ ಮಾತಾಡಿದ್ರ ಮಾಸ್ತರ ಆಗಂಗಿಲ್ಲ. ಅವು ಮಾತಾಡಿದ್ರ ಆಗ್ತಿ.”

ಅಂದಿನಿಂದ ಡೈರಿಯಲ್ಲಿ ಲೆಕ್ಕ ಇದೆ: ನಾಲ್ಕು, ಏಳು, ಏಳು, ಐದು, ಹನ್ನೊಂದು. ಐದು ಆದ ದಿನ ಅವರು ತಮ್ಮ ಬುತ್ತಿಯ ಅರ್ಧ ರೊಟ್ಟಿ ನನಗೆ ಕೊಟ್ಟರು. ಹನ್ನೊಂದನೆಯ ಪಾಠಕ್ಕೆ ಇಪ್ಪತ್ತೆರಡು.

ಆ ಶಾಲೆಯ ಕರಿಹಲಗೆಯ ಎಡಮೂಲೆಯ ಮೊಳೆಗೆ ಒಂದು ಕೆಂಪು ದಾರ ಕಟ್ಟಿತ್ತು. ಅದನ್ನು ಕಟ್ಟಿದವರೂ ಮಾಸ್ತರೇ. ಇಪ್ಪತ್ತು ವರ್ಷ ಉರ್ದುವಿನಲ್ಲಿ ಕಲಿಸಿದವರಿಗೆ ನಿಜಾಮರ ಆಳ್ವಿಕೆ ಹೋದ ಮೇಲೆ ಕನ್ನಡದಲ್ಲಿ ಕಲಿಸಬೇಕಾಯಿತು. ಬಲದಿಂದ ಎಡಕ್ಕೆ ಉರ್ದು ಬರೆದ ರೂಢಿಗೆ ಮೊದಮೊದಲು ಸುಣ್ಣದ ಕಡ್ಡಿ ಹಿಡಿದು ಹಲಗೆಯ ಬಲತುದಿಗೇ ಹೋಗಿ ನಿಲ್ಲುತ್ತಿದ್ದರಂತೆ. ದಾರ ಕಂಡರೆ ಕಾಲು ತಾನಾಗಿ ಎಡಕ್ಕೆ ಬರುತ್ತಿತ್ತು. ಉರ್ದು ಶಾಲೆಯಲ್ಲೇ ಓದಿದ್ದ ನನ್ನನ್ನೂ ಹನ್ನೊಂದು ಪಾಠ ಆ ದಾರವೇ ಕಾಪಾಡಿತ್ತು. ನನಗೆ ಅದು ಗೊತ್ತಿರಲಿಲ್ಲ.

ಜನವರಿ ೨೧, ಗುರುವಾರ, ಹನ್ನೊಂದು ಗಂಟೆ. ಸಾಹೇಬರು ಬರುತ್ತಾರೆಂದು ಹೆಡ್‌ಮಾಸ್ತರು ಹಳೆಯ ಹಲಗೆ ತೆಗೆಸಿ ಹೊಸದು ಹಾಕಿಸಿದ್ದರು. ಅದಕ್ಕೆ ದಾರವಿಲ್ಲ. ಪಾಠ ನಮ್ಮೂರ ಗುಡ್ಡದ ಶಾಸನದ್ದು. ಸಾಹೇಬರು ಹಿಂದೆ ಕುರ್ಚಿಯಲ್ಲಿ, ಮಾಸ್ತರು ಅವರ ಪಕ್ಕದಲ್ಲಿ. ನಾನು ತಿರುಗಿ ‘ಮಸ್ಕಿಯ ಶಾಸನ’ ಎಂದು ಬರೆಯತೊಡಗಿದೆ. ‘ಮ’ ಹಲಗೆಯ ಮೇಲೆ ಬಂತು. ‘ಸ್ಕಿ’ ಅರ್ಧ ಚೌಕಟ್ಟಿನ ಮೇಲೆ. ಮುಂದಿನದಕ್ಕೆ ಗೋಡೆಯೇ ಉಳಿದಿತ್ತು. ಮೂವತ್ತಾರೂ ಮಕ್ಕಳು ನಕ್ಕರು. ಕಣ್ಣ ಮುಂದೆ ತಹಸೀಲ ಕಚೇರಿಯ ಕಡತಗಳು ಬಂದವು.

ಆಗ ಹಿಂದಿನಿಂದ ಗಲಗಲ ಸದ್ದು. ಮಾಸ್ತರು ಸುಮ್ಮನೆ ಜೇಬಿನಲ್ಲಿ ಕೈ ಆಡಿಸುತ್ತಿದ್ದರು.

ನಾನು ಮಕ್ಕಳ ಕಡೆ ತಿರುಗಿ, ಎಲ್ಲಿ ತಪ್ಪಿದೆ ಎಂದು ಕೇಳಿದೆ. ಮುಂದಿನ ಸಾಲಿನ ಹುಡುಗಿ ಎದ್ದು, “ನೀವು ಆ ಕಡಿ ನಿಂತೀರಲ್ರೀ, ಈ ಕಡಿ ಬರ್ರಿ,” ಎಂದಳು. ಒಂದು ಬೀಜ ದಾಟಿತು. ಹಾಗಾದರೆ ಗುಡ್ಡದ ಕಲ್ಲಿನ ಮೇಲೆ ಯಾವ ಕಡೆಯಿಂದ ಬರೆದಿದ್ದಾರೆ ಎಂದೆ. ಆಡು ಕಾಯುವವರೆಲ್ಲ ಅದನ್ನು ನೋಡಿದವರೇ. ಅಕ್ಷರ ಎಷ್ಟು ಉದ್ದ, ಕಲ್ಲು ಎಲ್ಲಿ ಒಡೆದಿದೆ, ಮಳೆಯಲ್ಲಿ ಅಲ್ಲಿ ಯಾರು ಕೂಡುತ್ತಾರೆ ಎಂದು ಒಬ್ಬರ ಮೇಲೊಬ್ಬರು ಹೇಳತೊಡಗಿದರು. ನನ್ನ ಬಲಗೈಗೆ ಬಿಡುವಿರಲಿಲ್ಲ. ಇಪ್ಪತ್ತೊಂಬತ್ತು.

ಪಾಠ ಮುಗಿದ ಮೇಲೆ ಸಾಹೇಬರು ಷರಾ ಬರೆಯಲು ನನ್ನ ಟಿಪ್ಪಣಿ ಪುಸ್ತಕ ತೆಗೆದುಕೊಂಡರು. ಉರ್ದು ಪುಸ್ತಕದಂತೆ ಹಿಂದಿನಿಂದ ತೆರೆದರು. ಖಾಲಿ ಹಾಳೆ. ಒಂದು ಕ್ಷಣ ನೋಡಿ ನಕ್ಕುಬಿಟ್ಟರು. “ನಾವೆಲ್ಲ ಒಂದ ಹಲಗಿ ಮ್ಯಾಲ ಕಲ್ತವರು ಬಿಡ್ರಿ,” ಎಂದು ಪುಸ್ತಕ ತಿರುಗಿಸಿ ಒಪ್ಪಿಗೆ ಬರೆದರು.

ಆ ಸಂಜೆ ನಾನು ಮಾಸ್ತರಿಗೆ ಈ ಬೀಜದ ಪದ್ಧತಿ ಕಲಿಸಿದವರು ಯಾರೆಂದು ಕೇಳಿದೆ. ಅವರು ನನ್ನ ಎಡಜೇಬು ಮುಟ್ಟಿ ನೋಡಿದರು. ಒಳಗೆ ಏಳು ಇದ್ದವು.

“ಇದು ಪೂರಾ ಖಾಲಿ ಆದ ದಿನ ಬಾ, ಹೇಳ್ತೀನಿ.”

ಸಿಂಧನೂರಿನಲ್ಲಿ ಮಾಸ್ತರನಾದ ಮೇಲೆ ಎಷ್ಟೋ ಸಲ ಹತ್ತಿರ ಬಂದಿದ್ದೆ. ಈ ಜೂನ್‌ನಿಂದ ಮೂರು ಬಾರಿ ಒಂದೇ ಬೀಜ ಉಳಿದಿತ್ತು. ಪ್ರತಿ ಸಲವೂ ಅದೇ ಹುಡುಗಿಯದು; ಸಾಲಗುಂದದಿಂದ ನಡೆದು ಬರುತ್ತಾಳೆ, ಶಾಲೆ ಸೇರಿದಾಗಿನಿಂದ ಬಾಯಿ ಬಿಟ್ಟಿರಲಿಲ್ಲ. ಇವತ್ತು ಹೊಸ ಕಾಲುವೆಯ ಪಾಠ. ನಲವತ್ತೊಂದು ಬೀಜಗಳಲ್ಲಿ ನಲವತ್ತು ದಾಟಿದ್ದವು. ಗಂಟೆ ಹೊಡೆಯಲು ಎರಡು ನಿಮಿಷವಿದ್ದಾಗ ಅವಳು ಎದ್ದು, “ಕಾಲುವಿ ಬಂದ್ರ ನಮ್ಮ ಬಾವಿ ಏನ್ ಮಾಡೂದ್ರೀ?” ಎಂದು ಕೇಳಿದಳು. ನಾಳೆ ಎಲ್ಲರೂ ಕೂಡಿ ಯೋಚಿಸೋಣ ಎಂದೆ. ನಲವತ್ತೊಂದಕ್ಕೆ ನಲವತ್ತೊಂದು.

ಶಾಲೆ ಬಿಟ್ಟ ಕೂಡಲೇ ಲಿಂಗಸುಗೂರಿನ ಬಸ್ಸಿಗೆಂದು ಓಡಿದೆ. ಮಾಸ್ತರು ನೌಕರಿ ಬಿಟ್ಟ ಮೇಲೆ ಅಲ್ಲಿ ಮಗಳ ಮನೆಯಲ್ಲಿದ್ದರು. ಅರ್ಧ ದಾರಿಗೆ ನೆನಪಾಗಿ ನಿಂತೆ. ಇದೇ ಮಾರ್ಚ್ ತಿಂಗಳಲ್ಲಿ ಅವರು ತೀರಿಕೊಂಡಾಗ ಮಣ್ಣಿಗೆ ಹೋಗಿ ಬಂದವನು ನಾನೇ. ಆ ದಿನದ ಪುಟವೂ ಡೈರಿಯಲ್ಲಿದೆ.

ಬಲಜೇಬು ತುಂಬಿದೆ. ಹೇಳಬೇಕಾದವರಿಲ್ಲ. ಮಸ್ಕಿ ಶಾಲೆಯಲ್ಲಿ ಅವರ ಬಳಿ ಕಲಿತವರು, ಅವರ ಜೊತೆಗೆ ಕಲಿಸಿದವರು, ಅವರ ಬಾಲ್ಯ ಬಲ್ಲವರು ಯಾರಾದರೂ ಇದನ್ನು ಓದಿದರೆ ಈ ಪತ್ರಿಕೆಯ ಮೂಲಕ ನನಗೊಂದು ಕಾಗದ ಹಾಕಿ. ಅವರ ಜೇಬಿಗೆ ಮೊದಲ ಬೀಜ ಎಣಿಸಿ ಹಾಕಿದವರು ಯಾರು?