ಅಲ್ಬೀನಾಳಿಗೊಂದು ಮೆಟ್ಟಿಲು

ಒಲೀವೊ ಸ್ಕ್ರೆಮ್ ತೊಲ್ಮೆತ್ಸೊ ಪಟ್ಟಣದ ಬಸ್ ಡಿಪೋದಲ್ಲಿ ಮೂವತ್ತೆಂಟು ವರ್ಷ ಮೆಕ್ಯಾನಿಕ್ ಆಗಿದ್ದವನು. ಎಂಜಿನ್ನಿನ ಸದ್ದು ಕೇಳಿಯೇ ಅದರ ಕಾಯಿಲೆ ಏನೆಂದು ಹೇಳುತ್ತಿದ್ದ. ಮನುಷ್ಯರ ಎದುರು ಮಾತ್ರ ಬಾಯಿ ಕಟ್ಟಿಹೋಗುತ್ತಿತ್ತು. ಮದುವೆಯಾಗಲಿಲ್ಲ. ಕಣಿವೆಯ ಮೇಲ್ತುದಿಯ ಊರಿನಲ್ಲಿ ಅಕ್ಕ ಅಲ್ಬೀನಾಳ ಜೊತೆ ಇದ್ದ. ಅಮ್ಮ ತೀರಿಕೊಂಡಾಗ ಅವನಿಗೆ ಮೂರು ವರ್ಷ, ಅವಳಿಗೆ ಹದಿಮೂರು. ಸಾಕಿದವಳು ಅವಳೇ. ಬೇಸಿಗೆಯಲ್ಲಿ ದನಗಳ ಹಿಂದೆ ಬೆಟ್ಟದ ಮೇಲಿನ ಹುಲ್ಲುಗಾವಲಿಗೆ, ಮಾಲ್ಗಾಕ್ಕೆ, ಹೋಗುವಾಗ ಅವಳ ಬೆನ್ನ ಬುಟ್ಟಿಯಲ್ಲಿ ಅರ್ಧ ಮೆಕ್ಕೆಜೋಳದ ಹಿಟ್ಟು, ಅರ್ಧ ತಮ್ಮ.

ನಿವೃತ್ತಿಯಾದ ಮೇಲೆ ಒಂದು ದಿನ ಹೊಳೆದಂಡೆಯ ಕೋಳಿ ಸಾಕುವವನ ಹಿತ್ತಲಲ್ಲಿ ಅವನ ಕಣ್ಣಿಗೆ ಒಂದು ಫಿಯಟ್ ಕಾಂಪಾನ್ಯೋಲಾ ಬಿತ್ತು. ಸೇನೆಯ ಹಳೆ ಜೀಪಿನಂಥ ಗಾಡಿ. ಹಿಂದಿನ ಸೀಟಿನ ಜಾಗದಲ್ಲಿ ಕೋಳಿಗಳು ಕಾವಿಗೆ ಕೂತಿದ್ದವು. ಇಪ್ಪತ್ತರ ಪ್ರಾಯದಲ್ಲಿ ಪರ್ವತ ಪಡೆಯ ಕಡ್ಡಾಯ ಸೇವೆಯಲ್ಲಿ ಅವನು ಓಡಿಸಿದ್ದು ಇಂಥದ್ದನ್ನೇ. ಆ ದಿನಗಳಲ್ಲಿ ಮಾತಾಡು ಎಂದು ಯಾರೂ ಅವನನ್ನು ಪೀಡಿಸಿರಲಿಲ್ಲ. ಸ್ಟೀರಿಂಗ್ ಹಿಡಿದವನು ಸುಮ್ಮನಿದ್ದರೆ ಯಾರಿಗೂ ತಪ್ಪು ಅನಿಸುವುದಿಲ್ಲ. ಮರುವಾರವೇ ಅದನ್ನು ಟ್ರ್ಯಾಕ್ಟರಿಗೆ ಕಟ್ಟಿಸಿ ಮನೆಗೆ ಎಳೆದು ತಂದ.

"ಪಿಂಚಣಿ ತಗೊಳ್ಳೋ ವಯಸ್ಸಿಗೆ ಕೋಳಿಗೂಡು ತಂದಿದೀಯಲ್ಲೋ," ಅಂದಳು ಅಲ್ಬೀನಾ. "ಮೊಟ್ಟೆನಾದ್ರೂ ಇಡುತ್ತಾ?"

ನಾಲ್ಕು ವರ್ಷ ಹಿಡಿಯಿತು. ಬಿಗಿದುಕೊಂಡಿದ್ದ ಪಿಸ್ಟನ್ನುಗಳಿಗೆ ಒಂದು ಇಡೀ ಚಳಿಗಾಲ ಎಣ್ಣೆ ಕುಡಿಸಿದ. ಗೇರಿನ ಚಕ್ರವೊಂದು ವೆರೋನಾದ ಮುದುಕನೊಬ್ಬನ ಬಳಿ ಸಿಕ್ಕಿತು. ಬದಲಿಗೆ ಅಲ್ಬೀನಾ ಹೊಗೆಗೆ ಇಟ್ಟಿದ್ದ ರಿಕೋತ್ತಾ ಚೀಸಿನ ಎರಡು ಉಂಡೆ ಹೋಯಿತು. ಅದಕ್ಕಾಗಿ ಅವಳು ತಿಂಗಳುಗಟ್ಟಲೆ ತಮ್ಮನನ್ನು ಬೈದಳು. ಬಿಸಿಲು ತಾಕದೆ ಉಳಿದಿದ್ದ ಡ್ಯಾಶ್‌ಬೋರ್ಡಿನ ಹಿಂಬದಿ ನೋಡಿ ಒಲೀವೊ ಹಳೆಯ ಹಸಿರು ಬಣ್ಣವನ್ನು ಕಲಸಿದ. ಉಳಿದದ್ದು ಮೇಲಿನ ಕ್ಯಾನ್ವಾಸ್ ಹೊದಿಕೆ. ಅವನು ಅಂಗಳದಲ್ಲಿ ಬಟ್ಟೆ ಹರವಿಕೊಂಡು ಹೊಲಿಯಲು ಕೂತದ್ದನ್ನು ನೋಡಿ ಅಲ್ಬೀನಾಳಿಗೆ ತಡೆಯಲಾಗಲಿಲ್ಲ. ಅವಳು ಊರಿನ ದರ್ಜಿ. ಕಣಿವೆಯ ಅರ್ಧ ಮದುವಣಗಿತ್ತಿಯರ ಉಡುಪು ಅವಳ ಕೈಯಿಂದಲೇ ಆದದ್ದು.

"ಈ ಹೊಲಿಗೆ ಮೊದಲನೇ ಮಳೆಗೇ ಸೋರುತ್ತೆ. ಕೊಡು ಇಲ್ಲಿ."

ಮೂರು ವಾರ ಹೊಲಿದಳು. ಕೊನೆಯ ದಿನ ಹಲ್ಲಿನಿಂದ ದಾರ ಕಡಿಯುತ್ತಾ, ತಲೆ ಎತ್ತದೆ ಕೇಳಿದಳು: "ಇದು ಮಾಲ್ಗಾ ತನಕ ಹತ್ತುತ್ತಾ?"

"ಹತ್ತುತ್ತೆ."

"ನಾನು ಹೋಗಿ ಹತ್ತೊಂಬತ್ತು ವರ್ಷ ಆಯ್ತು."

ಮಂಡಿ ಕೆಟ್ಟ ಮೇಲೆ ಅವಳಿಗೆ ಚರ್ಚಿನ ಮೆಟ್ಟಿಲೇ ದೂರವಾಗಿತ್ತು. ಹೊದಿಕೆ ಬಿಗಿದ ದಿನ ಅವಳು ಗಾಡಿ ಹತ್ತಲು ನೋಡಿದಳು. ಸೀಟು ಅವಳ ಸೊಂಟದೆತ್ತರಕ್ಕಿತ್ತು. ಬಾಗಿಲ ಪಟ್ಟಿ ಹಿಡಿದು ಎರಡು ಸಲ ಪ್ರಯತ್ನಿಸಿದಳು, ಕಾಲು ಏಳಲಿಲ್ಲ. "ಬಿಡು, ಒಲೆ ಮೇಲೆ ಪೊಲೆಂಟಾ ಬೇಯ್ತಿದೆ," ಎಂದು ಒಳಗೆ ಹೋದಳು. ಮಧ್ಯಾಹ್ನ ಮೂರು ಗಂಟೆ. ಒಲೆ ಮೇಲೆ ಏನೂ ಇರಲಿಲ್ಲವೆಂದು ಅವನಿಗೆ ಗೊತ್ತಿತ್ತು.

ಮರುದಿನ ಒಲೀವೊ ತನ್ನ ಹಳೆ ಡಿಪೋಗೆ ಹೋಗಿ, ಗುಜರಿಗೆ ಬಿದ್ದಿದ್ದ ಬಸ್ಸೊಂದರ ಮಡಚುವ ಮೆಟ್ಟಿಲನ್ನು ಬಿಚ್ಚಿ ತಂದ. ಅದನ್ನು ಕತ್ತರಿಸಿ, ಅಳತೆಗೆ ಬೆಸೆದು ಬಾಗಿಲ ಕೆಳಗೆ ಕೂರಿಸಿದ. ಮುಂದಿನ ಗಾಜಿನ ಪಕ್ಕದ ಕಂಬಕ್ಕೊಂದು ಹಿಡಿ ಹಾಕಿದ. ಸೀಟಿನ ಮೇಲೆ ಉಣ್ಣೆ ತುಂಬಿದ ಮೆತ್ತೆಯನ್ನೂ ಇಟ್ಟ.

ಅದೇ ವಾರ ಊದಿನೆ ನಗರದಿಂದ ಹಳೆ ಗಾಡಿಗಳ ಸಂಘದ ದುರಿಗೋನ್ ಪರೀಕ್ಷೆಗೆ ಬಂದ. ಅವನು ಸಹಿ ಹಾಕಿದರೆ ಮಾತ್ರ ಗಾಡಿಗೆ ಮಾಜಿ ಸೈನಿಕರ ಮೆರವಣಿಗೆಯಲ್ಲಿ ಜಾಗ. ಎರಡು ಗಂಟೆ ನೋಡಿದ, ಕೆಳಗೆ ಮಲಗಿ ನೋಡಿದ. ಇಷ್ಟು ಅಚ್ಚುಕಟ್ಟಾದ ಕೆಲಸ ತಾನು ಕಂಡಿಲ್ಲ ಎಂದ. ಆಮೇಲೆ ಪೆನ್ನಿನಿಂದ ಮೆಟ್ಟಿಲು ತೋರಿಸಿದ.

"ಸ್ಕ್ರೆಮ್ ಅವರೇ, ಇದು ಸೇನೇದಲ್ಲ. ನಾಲ್ಕು ಬೋಲ್ಟು ಬಿಚ್ಚಿ, ಈಗ್ಲೇ ಸಹಿ ಹಾಕ್ತೀನಿ."

ಒಲೀವೊ ಬಹಳ ಹೊತ್ತು ಕೈ ಒರೆಸಿಕೊಂಡ. "ಅದು ನಮ್ಮಕ್ಕಂದು."

"ನಾನು ಹೋದ್ಮೇಲೆ ವಾಪಸ್ ಹಾಕ್ಕೊಳ್ಳಿ. ಯಾರು ನೋಡ್ತಾರೆ?"

"ಬಿಚ್ಚಲ್ಲ," ಅಂದ ಒಲೀವೊ. "ಅದಿಲ್ದೆ ನಂಗೆ ಗಾಡಿ ಯಾಕೆ?"

ದುರಿಗೋನ್ ಟೋಪಿ ಹಾಕಿಕೊಂಡು ಹೊರಟ. ಅಲ್ಬೀನಾ ಅಡುಗೆಮನೆಯ ಕಿಟಕಿಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಚೀಸು, ಆಲೂಗಡ್ಡೆ ಸೇರಿಸಿ ಹುರಿದ ಫ್ರೀಕೊದ ಗರಿಗರಿ ಅಂಚನ್ನು ಅವಳು ಯಾವತ್ತೂ ಯಾರಿಗೂ ಬಿಟ್ಟುಕೊಟ್ಟವಳಲ್ಲ. ಅವತ್ತು ರಾತ್ರಿ ಅದನ್ನು ಪೂರ್ತಿ ತಮ್ಮನ ತಟ್ಟೆಗೆ ಬಡಿಸಿದಳು.

ಜುಲೈನಲ್ಲಿ ಇಬ್ಬರೂ ಮಾಲ್ಗಾಕ್ಕೆ ಹೊರಟರು. ಮೆಟ್ಟಿಲು, ಹಿಡಿ, ಮೆತ್ತೆ: ಅಲ್ಬೀನಾ ಒಂದೇ ಉಸಿರಿಗೆ ಹತ್ತಿ ಕೂತಳು. ಕಾಡಿನ ಕಲ್ಲುದಾರಿಯಲ್ಲಿ ಗಾಡಿ ಗೊಣಗುತ್ತಾ ಏರಿತು. ಮೇಲೆ ಕೊಟ್ಟಿಗೆಗೆ ತಗಡಿನ ಮಾಡು ಬಂದಿತ್ತು, ನೀರಿನ ತೊಟ್ಟಿಯ ಜಾಗ ಬದಲಾಗಿತ್ತು. ತೊಟ್ಟಿ ಅಲ್ಲಿಟ್ಟರೆ ದನಗಳು ಕೆಸರು ತುಳಿಯುತ್ತವೆ ಎಂದು ಅವಳು ಚೀಸು ಮಾಡುವವನಿಗೆ ಜೋರು ಮಾಡಿದಳು. ಕಿವಿಗೆ ರಿಂಗು ಹಾಕಿದ್ದ ಅವನು ಎಲ್ಲವನ್ನೂ ಕೇಳಿ, ಬಿಸಿ ರಿಕೋತ್ತಾ ತಂದುಕೊಟ್ಟ. ತಿಂದಾದ ಮೇಲೆ ಅವಳು ಒಂದು ಬೂದು ಹಸುವಿನ ಪಕ್ಕೆಗೆ ಅಂಗೈ ಒತ್ತಿ ನಿಂತಳು. ರೇಡಿಯೇಟರಿಗೆ ನೀರು ಬೇಕಿರಲಿಲ್ಲ. ಆದರೂ ಒಲೀವೊ ಬಾನೆಟ್ ಎತ್ತಿ, ಅವಳು ಕಣ್ಣೊರೆಸಿಕೊಳ್ಳುವ ತನಕ ಅದರೊಳಗೆ ತಲೆ ಇಟ್ಟಿದ್ದ.

ಇಳಿಯುವಾಗ ಅವಳು ಹೇಳಿದಳು, "ಈ ತಿರುವಲ್ಲೇ ನೀನು ಬುಟ್ಟೀಲಿ ನಿದ್ದೆ ಹೋಗ್ತಿದ್ದೆ. ಜೊಲ್ಲೆಲ್ಲಾ ನನ್ನ ಕತ್ತಿನ ಮೇಲೆ."

"ಭಾರ ಇದ್ನಾ?" ಜೀವಮಾನದಲ್ಲಿ ಮೊದಲ ಸಲ ಕೇಳಿದ.

"ಹಿಟ್ಟು ಭಾರ ಇತ್ತು."

ಭಾನುವಾರ ಚರ್ಚಿನ ಮುಂದೆ ಸುದ್ದಿ ಹಬ್ಬಿತು. ಮುಂದಿನ ಗುರುವಾರ ಗಾಡಿಯ ಹಿಂದಿನ ಬೆಂಚುಗಳ ಮೇಲೆ ನಾಲ್ವರು ಮುದುಕಿಯರಿದ್ದರು. ಕಾಡಿನ ಅಡ್ಡಗಂಬದ ಬಳಿ ಕಾವಲುಗಾರ ಡೆನಿಸ್ ತಡೆದ; ಕಾಡುದಾರಿಯ ಪರವಾನಗಿ ಒಲೀವೊ ಮತ್ತು ಅಲ್ಬೀನಾರಿಗೆ ಮಾತ್ರ ಎಂದ. ಹಿಂದಿನಿಂದ ಅವನ ಅಜ್ಜಿ ನೋಯೆಮಿ ಕತ್ತು ಚಾಚಿದಳು.

"ನಿನ್ನ ಚಡ್ಡಿ ಒಗೆದವಳು ನಾನು ಕಣೋ. ಎತ್ತು ಆ ಕಂಬ."

ಡೆನಿಸ್ ಎತ್ತಿದ. ಎರಡು ವಾರದಲ್ಲಿ ಊರಿನ ಕಚೇರಿಯಿಂದ ಹೊಸ ಪರವಾನಗಿಯೂ ಬಂತು. ಈಗ ಹಿಮ ಕರಗಿ ದನಗಳು ಮೇಲೆ ಹೋದ ಮೇಲೆ ಪ್ರತಿ ಗುರುವಾರ ಕಾಂಪಾನ್ಯೋಲಾ ಹೊರಡುತ್ತದೆ. ಯಾರ ಸರದಿ, ಯಾರು ಎಲ್ಲಿ ಕೂರಬೇಕು ಎಂದು ಅಲ್ಬೀನಾ ತೀರ್ಮಾನಿಸುತ್ತಾಳೆ. ಹಿಂದೆ ಕೂತ ಹೆಂಗಸರು ಹಳೆ ಪ್ರೇಮಗಳನ್ನೆಲ್ಲಾ ಕೆದಕಿ ನಗುತ್ತಾರೆ. ಒಲೀವೊ ಮುಂದೆ ನೋಡುತ್ತಾ ಓಡಿಸುತ್ತಾನೆ, ಕಿವಿ ಕೆಂಪಗಾಗಿರುತ್ತದೆ.

ಕಳೆದ ಆಗಸ್ಟಿನಲ್ಲಿ ತೊಂಬತ್ತೊಂದು ವರ್ಷದ ಜೀಜಾ ಹಿಂದಿನಿಂದ ಅವನ ಭುಜ ತಟ್ಟಿ ಇನ್ನೂ ನಿಧಾನ ಹೋಗು ಅಂದಳು. ಭಯವಾಗುತ್ತಿದೆಯೇ ಎಂದು ಅವನು ಕೇಳಿದ.

"ಭಯ ಎಂಥದ್ದಪ್ಪಾ," ಅಂದಳು ಜೀಜಾ. "ದಾರಿ ಬೇಗ ಮುಗಿದುಹೋಗುತ್ತೆ."

ಒಲೀವೊ ಗೇರನ್ನು ಒಂದಕ್ಕೆ ಇಳಿಸಿದ.