ನೇಮದ ದಿನಕ್ಕೇ ಹಿಮಾಚಲ

ಹಿಮ ನೋಡಬೇಕೆಂಬ ಆಸೆ ನನಗೆ ಯಾವತ್ತೂ ಇರಲಿಲ್ಲ. ನಾನು ಹಿಮಾಚಲಕ್ಕೆ ಹೊರಟದ್ದು ನನ್ನ ಓರಗಿತ್ತಿಗೆ ಬುದ್ಧಿ ಕಲಿಸಲಿಕ್ಕೆ. ಹೀಗೆ ಬರೆಯುವಾಗ ನಾಚಿಕೆಯಾಗಬೇಕಿತ್ತು, ಆಗುತ್ತಿಲ್ಲ.

ಓರಗಿತ್ತಿ ಅಂದರೆ ಗಂಡನ ಅಣ್ಣನ ಹೆಂಡತಿ. ಅವರ ಮನೆ ಪುತ್ತೂರಿನಲ್ಲಿ. ನಮ್ಮದು ಪಂಜದಲ್ಲಿ, ಕುಟುಂಬದ ದೈವದ ಮನೆಗೆ ತಾಗಿಕೊಂಡೇ ಇದೆ. ಕುಂಭ ಸಂಕ್ರಮಣದ ಮರುದಿನ ಅಲ್ಲಿ ವರ್ಷಕ್ಕೊಮ್ಮೆ ನೇಮ, ಅಂದರೆ ದೈವಕ್ಕೆ ಕೋಲ. ದೂರದೂರದ ನೆಂಟರೆಲ್ಲ ಬರುತ್ತಾರೆ. ಅಷ್ಟೂ ಜನರ ಅಡಿಗೆ, ನಾನು ಮದುವೆಯಾಗಿ ಬಂದ ವರ್ಷದಿಂದ, ನನ್ನದು. ಅದರಲ್ಲೂ ಓಡುದೋಸೆ. ಓಡು ಎಂಬ ಮಣ್ಣಿನ ಕಾವಲಿಯಲ್ಲಿ ಒಂದೊಂದಾಗಿ ಹುಯ್ದು ಎಬ್ಬಿಸಬೇಕು. ಅದಿಲ್ಲದೆ ನಮ್ಮ ನೇಮದ ಊಟವೇ ಇಲ್ಲ. ನಾಲ್ಕು ಜನ ಹೆಂಗಸರು ಅರೆದು ಕೊಟ್ಟಾರು, ಕಾಯಿ ತುರಿದಾರು, ಆದರೆ ಓಡಿನ ಮುಂದೆ ಕೂರಲು ಯಾರೂ ಬರುವುದಿಲ್ಲ.

ನಾನು ಹೊರಡುವ ಹಿಂದಿನ ವರ್ಷ ಓರಗಿತ್ತಿ ಹಿಮಾಚಲ ತಿರುಗಿ ಬಂದಿದ್ದಳು. ನೇಮದ ದಿನ ಚಾವಡಿಯಲ್ಲಿ ಕೂತು ಎಲ್ಲರಿಗೂ ಫೋನಿನಲ್ಲಿ ಫೋಟೋ ತೋರಿಸುತ್ತಿದ್ದಳು. ಹಿಮದಲ್ಲಿ ಅವಳು, ಸೇಬಿನ ಮರದಡಿ ಅವಳು, ಯಾಕ್ ಮೇಲೆ ಅವಳು. ನಾನು ನೀರು ಕೊಡಲು ಹೋದವಳು ಬಗ್ಗಿ ನೋಡಿದೆ. ಅವಳು ಫೋನನ್ನು ಎದೆಗೆ ಒತ್ತಿಕೊಂಡಳು.

"ನಿನಗೆ ಎಂತಕ್ಕೆ ಮಾರಾಯ್ತಿ ಇದೆಲ್ಲ? ಅಲ್ಲಿಯ ಚಳಿ ನಿನ್ನಂಥವರಿಗೆ ಆಗ್ಲಿಕ್ಕಿಲ್ಲ. ಹೋಗು, ಅಲ್ಲಿ ದೋಸೆ ಕರಟ್ತಾ ಉಂಟು."

ಚಾವಡಿಯಲ್ಲಿದ್ದವರೆಲ್ಲ ನಕ್ಕರು. ನನ್ನ ಗಂಡನೂ ನಕ್ಕ. ನಾನು ಹೋಗಿ ದೋಸೆ ಎಬ್ಬಿಸಿದೆ. ಅಳಲಿಲ್ಲ. ಓಡಿನ ಮುಂದೆ ಕೂತಲ್ಲೇ ನಿಶ್ಚಯಿಸಿದೆ, ಬರುವ ವರ್ಷ ಇದೇ ದಿನ ನಾನು ಹಿಮಾಚಲದಲ್ಲಿರಬೇಕು. ಇವರು ಹಸಿದು ಕೂತಿರಬೇಕು.

ಗಂಡನಿಗೆ ಹೇಳಿದಾಗ ಅವನ ಮುಖ ಬಿಳಿಚಿತು.

"ನೇಮ ಬಿಟ್ಟು ಹೋಗುದಾ? ದೈವ ಸುಮ್ಮನೆ ಬಿಡ್ತದಾ?"

"ವರ್ಷವಿಡೀ ದೀಪ ಇಡುದು ಯಾರು?" ಎಂದೆ. "ನನಗೂ ದೈವಕ್ಕೂ ಮಾತಾಡ್ಲಿಕ್ಕೆ ನೀವು ನಡುವೆ ಬೇಡ. ನೀವು ನಕ್ಕದ್ದಕ್ಕೆ ನೀವೂ ಬರ್ಬೇಕು, ಬ್ಯಾಗು ಹೊರ್ಲಿಕ್ಕೆ."

ತಯಾರಿ ಗುಟ್ಟಾಗಿ ನಡೆಯಿತು. ಪುತ್ತೂರಿನಲ್ಲಿ ಉಣ್ಣೆಯ ಬಟ್ಟೆ ಕೊಂಡರೆ ಸಂಜೆಯೊಳಗೆ ಅವಳ ಕಿವಿಗೆ ಬೀಳುತ್ತದೆ. ಸುಳ್ಯದ ಅಂಗಡಿಯವನು ಸ್ವೆಟರ್ ಎಂದದ್ದಕ್ಕೆ ಮಕ್ಕಳದ್ದು ತೋರಿಸಿದ. ಕೊನೆಗೆ ಸುಬ್ರಹ್ಮಣ್ಯದಲ್ಲಿ, ಯಾತ್ರಿಕರಿಗೆ ಮಾರುವ ರಾಶಿಯಲ್ಲಿ, ಎರಡು ಮಂಗನ ಟೊಪ್ಪಿ, ಒಂದು ದಪ್ಪ ಶಾಲು ಸಿಕ್ಕಿತು. ಟೊಪ್ಪಿ ಹಾಕಿ ಕನ್ನಡಿ ನೋಡಿದೆ. ಕಳ್ಳಿಯ ಹಾಗೆ ಕಂಡೆ, ಖುಷಿಯಾಯಿತು. ತೆಂಗಿನೆಣ್ಣೆ ಕುಪ್ಪಿಯನ್ನು ಫ್ರಿಜ್ಜಿನಲ್ಲಿಟ್ಟು, ಅದು ಕಲ್ಲಾದ ಮೇಲೆ, ಚಳಿ ಎಂದರೆ ಇಷ್ಟೇ ತಾನೇ ಎಂದು ಧೈರ್ಯ ತಂದುಕೊಂಡೆ.

ಅಲ್ಲಿನ ಒಂದು ಹಳ್ಳಿಯಲ್ಲಿ ಹೋಮ್‌ಸ್ಟೇ ನಡೆಸುವ ಹೆಂಗಸಿಗೆ ಫೋನು ಮಾಡಿದೆ. ಶಾಲೆಯಲ್ಲಿ ಕಲಿತ ಹಿಂದಿಯನ್ನೆಲ್ಲ ಗುಡಿಸಿ ಒಟ್ಟು ಮಾಡಿ ಮಾತಾಡಿದೆ. ಅವಳು ಕಂಗಾಲಾದಳು. ಫೆಬ್ರವರಿಯಲ್ಲಿ ನಳ್ಳಿಯಲ್ಲಿ ನೀರು ಹೆಪ್ಪುಗಟ್ಟಿರುತ್ತದೆ, ದಾರಿ ಮುಚ್ಚಿದರೂ ಮುಚ್ಚೀತು, ಮೇ ತಿಂಗಳಲ್ಲಿ ಬನ್ನಿ, ಹೂ ಬಿಟ್ಟಿರುತ್ತದೆ ಎಂದಳು. ಮೇ ತಿಂಗಳಲ್ಲಿ ಬಂದರೆ ನನ್ನ ಓರಗಿತ್ತಿಗೆ ಏನೂ ನಷ್ಟವಿಲ್ಲ ಎಂದು ಹೇಗೋ ವಿವರಿಸಿದೆ. ಆಚೆಯಿಂದ ಸ್ವಲ್ಪ ಹೊತ್ತು ನಗುವೇ ಕೇಳಿಸಿತು. ಕೋಣೆಯಲ್ಲಿ ಬೆಂಕಿ ಹಾಕಿಡುತ್ತೇನೆ, ಬಾ ಎಂದಳು.

ಟಿಕೆಟ್ಟೆಲ್ಲ ಆದ ಮೇಲೆಯೇ ಗಂಡ ಅಣ್ಣನಿಗೆ ಸುದ್ದಿ ಮುಟ್ಟಿಸಿದ. ಆಮೇಲಿನ ದಿನಗಳು ನನ್ನ ಜೀವನದ ಒಳ್ಳೆಯ ದಿನಗಳು. ಪುತ್ತೂರಿನಿಂದ ಊರಿಗೆಲ್ಲ ಫೋನು ಹೋಗುತ್ತಿತ್ತು. ಕಾಣಿಯೂರಿನ ಚಿಕ್ಕಮ್ಮನನ್ನು ಕೇಳಿದರು, ಅವಳಿಗೆ ಮೊಣಕಾಲು ನೋವು. ಸುಳ್ಯದ ಅಡಿಗೆಯವರನ್ನು ಕೇಳಿದರು, ಅವರು ಓಡುದೋಸೆ ಎಂದ ಕೂಡಲೇ ಕೈಮುಗಿದರು. ಇದನ್ನೆಲ್ಲ ಚಿಕ್ಕಮ್ಮ ನನಗೆ ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದಳು. ನಾನು ಚಹಾ ಕುಡಿಯುತ್ತ ಕೇಳುತ್ತಿದ್ದೆ, ಮಧ್ಯೆ ಮಧ್ಯೆ ಪಾಪ ಎನ್ನುತ್ತಿದ್ದೆ.

ಆದರೆ ಒಂದು ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ. ಓರಗಿತ್ತಿಯ ಸೊಸೆ ಬಸುರಿ. ದಿನ ತುಂಬಲು ಇನ್ನೂ ಸಮಯವಿತ್ತು. ಮಗು ಕಾಯಲಿಲ್ಲ. ಸಂಕ್ರಮಣಕ್ಕೆ ವಾರ ಇರುವಾಗಲೇ ಹುಟ್ಟಿತು. ಕುಟುಂಬದಲ್ಲಿ ಮಗು ಹುಟ್ಟಿದರೆ ಅಮೆ, ಅಂದರೆ ಹೆರಿಗೆಯ ಸೂತಕ. ಅಮೆ ಇರುವಾಗ ದೈವಕ್ಕೆ ಏನೂ ನಡೆಯುವಂತಿಲ್ಲ.

ಓರಗಿತ್ತಿಯೇ ಫೋನು ಮಾಡಿದಳು. ಸ್ವರದಲ್ಲಿ ಜೇನು.

"ಹೆಣ್ಣು ಮಗು. ಇಬ್ಬರೂ ಸೌಖ್ಯ. ನೇಮ ಮೀನ ಸಂಕ್ರಮಣಕ್ಕೆ ಹೋಯ್ತು. ನಿನ್ನ ಟಿಕೆಟ್ ಹಾಳಾಗುದು ಬೇಡ, ಆರಾಮದಲ್ಲಿ ಹೋಗಿ ಬಾ. ಬಂದ ಮೇಲೆ ಅಕ್ಕಿ ನೆನೆಹಾಕಿದ್ರಾಯ್ತಲ್ಲ."

ಮಗುವಿನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಸಂತೋಷ ಎಂದೆ, ಫೋನಿಟ್ಟೆ.

"ನೋಡು, ದೈವ ನಿನ್ನನ್ನು ಬಿಡ್ಲಿಲ್ಲ," ಎಂದ ಗಂಡ, ದೊಡ್ಡ ನಿಟ್ಟುಸಿರು ಬಿಟ್ಟು. ಆ ಮಾತಿನಿಂದಲೇ ನನಗೆ ದಾರಿ ಕಂಡದ್ದು. ದೈವ ನನ್ನನ್ನು ನೇಮಕ್ಕೆ ಉಳಿಸಿಕೊಂಡಿತು, ಓಡಿನ ಮುಂದೆ ಕೂರು ಎಂದೇನೂ ಹೇಳಲಿಲ್ಲ. ಅವರು ಹಸಿಯಬೇಕಾದರೆ ನಾನು ಅಷ್ಟು ದೂರ ಹೋಗಬೇಕೆಂದು ಯಾರು ಹೇಳಿದರು? ತಿರುಗಿ ಫೋನು ಮಾಡಿದೆ.

"ಅಕ್ಕಾ, ಮೀನ ಸಂಕ್ರಮಣಕ್ಕೆ ನಾನು ಊರಲ್ಲೇ ಇರ್ತೇನೆ. ನೇಮಕ್ಕೂ ಬರ್ತೇನೆ."

"ಮತ್ತೆ? ಬಾರದೆ ಉಂಟಾ?"

"ನೀವು ಬರುವ ಹಾಗೆ ಬರ್ತೇನೆ. ಒಳ್ಳೆ ಸೀರೆ ಉಟ್ಟು, ಸಂಜೆಗೆ. ಚಾವಡಿಯಲ್ಲಿ ಕೂತು ಫೋಟೋ ತೋರಿಸ್ತೇನೆ. ಈ ಸಲ ಮೊಮ್ಮಗಳು ಬಂದ ಸಂತೋಷಕ್ಕೆ ದೋಸೆ ನಿಮ್ಮದು."

ಅವಳ ಸ್ವರದ ಜೇನು ಇಳಿಯಿತು.

"ನನಗಾ? ನನಗೆ ಅದು ಬರುದಿಲ್ಲ ಮಾರಾಯ್ತಿ," ಎಂದಳು.

"ನನಗೂ ಬರ್ತಿರ್ಲಿಲ್ಲ. ಮದುವೆಯಾದ ವರ್ಷ ನೀವೇ ಅಲ್ವಾ ನನ್ನನ್ನು ಓಡಿನ ಮುಂದೆ ಕೂರಿಸಿದ್ದು?"

ನಾವು ಹೊರಡುವ ಮೊದಲು ಚಿಕ್ಕಮ್ಮ ಸುದ್ದಿ ತಂದಳು. ಓರಗಿತ್ತಿ ಪುತ್ತೂರು ಸಂತೆಯಲ್ಲಿ ಹೊಸ ಓಡು ಕೊಂಡಿದ್ದಾಳೆ. ಒಡೆಯಬಾರದೆಂದು ಬಟ್ಟೆ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದಾಳೆ, ನೇಮದ ದಿನವೇ ತೆಗೆಯುವುದಂತೆ. ಹೊಸ ಓಡನ್ನು ವಾರಗಟ್ಟಲೆ ಎಣ್ಣೆ ಹಚ್ಚಿ, ಕಾಯಿಸಿ, ಪಳಗಿಸದಿದ್ದರೆ ಅದರಿಂದ ಒಂದು ದೋಸೆಯೂ ಏಳುವುದಿಲ್ಲ. ಅವಳಿಗೆ ಹೇಳಲಾ ಎಂದು ಚಿಕ್ಕಮ್ಮ ಕೇಳಿದಳು. ಬೇಡ ಎಂದೆ.