ಓಟು ಹಾಕಲು ಹೊರಟ ಮಾಲ್ಟಾದ ದಂಪತಿ

ಆಸ್ಟ್ರೇಲಿಯಾದ ಪ್ಯಾರಮಟ್ಟಾ ಸ್ಟೇಷನ್ನಿನ ಬೆಂಚಿನಲ್ಲಿ ನಮ್ಮ ಪಕ್ಕ ಕೂತಿದ್ದ ವೃದ್ಧ ದಂಪತಿ ಮಾಲ್ಟಾದವರು. ಮಗಳ ಮನೆಗೆ ಬಂದಿದ್ದವರು ಈಗ ಓಟು ಹಾಕಲೆಂದೇ ತಮ್ಮ ಪುಟ್ಟ ದ್ವೀಪಕ್ಕೆ ವಾಪಸ್ ಹೊರಟಿದ್ದರು. ಅಲ್ಲಿ ಲೆಕ್ಕಕ್ಕಿರುವುದು ಎರಡೇ ಪಕ್ಷವಂತೆ, ಒಂದರ ಬಣ್ಣ ಕೆಂಪು, ಇನ್ನೊಂದರದು ನೀಲಿ. ಅಜ್ಜನ ಸೂಟ್‌ಕೇಸಿಗೆ ಕೆಂಪು ರಿಬ್ಬನ್, ಅಜ್ಜಿಯದಕ್ಕೆ ನೀಲಿ.

ಜಾತಿ ನೋಡಿ ಓಟು ಹಾಕುವುದು ನಮ್ಮೂರಿನ ಅಭ್ಯಾಸ, ಹಾಗಾಗಿ "ನಿಮ್ಮಿಬ್ಬರದೂ ಬೇರೆ ಬೇರೆ ಜಾತಿಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿಬಿಟ್ಟೆ.

"ಲೋ, ಇಲ್ಲೆಲ್ಲಾ ಹಂಗೆ ಕೇಳ್ಬಾರ್ದು ಕಣೋ," ಎಂದು ಗೆಳೆಯ ಗಿರೀಶ ತಿವಿದ.

ಅಜ್ಜಿ ನಕ್ಕರು. "ಒಂದೇ ಬೀದಿ, ಒಂದೇ ಚರ್ಚು. ಇವರಪ್ಪ ಕೆಂಪು, ನಮ್ಮಪ್ಪ ನೀಲಿ. ಅಷ್ಟೇ."

ನನಗೆ ಗೊಂದಲ ಇನ್ನೂ ಹೆಚ್ಚಾಯಿತು. ಇಬ್ಬರೂ ಹೋಗದೆ ಇಲ್ಲೇ ಉಳಿದರೂ ಫಲಿತಾಂಶ ಅದೇ ಅಲ್ಲವೇ ಎಂದೆ.

"ನಾನು ಉಳಿದು, ಇವಳು ಹೋಗಿಬಿಟ್ಟರೆ?" ಎಂದರು ಅಜ್ಜ.

"ಹೋಗೇ ಹೋಗ್ತೀನಿ," ಎಂದರು ಅಜ್ಜಿ.

ರೈಲು ಬಂತು. ಅಜ್ಜನ ಮಂಡಿ ಹಿಡಿದುಕೊಂಡಿತ್ತು, ಏಳಲಾಗಲಿಲ್ಲ. ಅಜ್ಜಿ ಒಬ್ಬರೇ ಹತ್ತಿದ್ದರೆ ನೀಲಿಗೆ ಒಂದು ಓಟು ಲಾಭ. ಆದರೆ ಆಕೆ ಬೈಯುತ್ತಲೇ ಗಂಡನ ಎರಡೂ ಕೈ ಹಿಡಿದು ಎಬ್ಬಿಸಿದರು. ಕೆಂಪು ರಿಬ್ಬನ್ನಿನ ಸೂಟ್‌ಕೇಸನ್ನೇ ಮೊದಲು ಒಳಗೆ ತಳ್ಳಿದರು.